ಮಾವ ಮುಟ್ಟದ ಉಪ್ಪಿಟ್ಟು

ಮುಂದೆ ಬರೆಯುವುದರಲ್ಲಿ ಕೆಲವು ವಿವರಗಳು ತಪ್ಪಿರಬಹುದು ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಹಾಸನದ ಮೈದಾನದಲ್ಲಿ ಆ ಸಂಜೆ ನಡೆದದ್ದು ಕೊನೆಯ ಪಂದ್ಯವೋ ಅದರ ಹಿಂದಿನದೋ, ಸಿದ್ಧನೆಂಬ ಆಟಗಾರ ಹೊಡೆದದ್ದು ಎರಡು ಗೋಲೋ ಮೂರೋ, ನಾನು ಉಟ್ಟಿದ್ದ ಸೀರೆ ನನ್ನದೋ ಅತ್ತೆಯಿಂದ ಎರವಲು ಪಡೆದದ್ದೋ, ಇಂಥದ್ದನ್ನೆಲ್ಲ ದಯವಿಟ್ಟು ಕೇಳಬೇಡಿ. ಹದಿನಾಲ್ಕನೆಯ ವಯಸ್ಸಿನಿಂದ ದಿನಚರಿ ಬರೆಯುತ್ತಿರುವವಳಿಗೆ ನೆನಪಿನ ಬಗ್ಗೆ ಧೈರ್ಯವಿರಬೇಕಿತ್ತು. ನನ್ನ ಅನುಭವ ತಿರುವುಮುರುವು. ದಿನಚರಿ ಇಲ್ಲದವರು ತಮ್ಮ ನೆನಪನ್ನು ನಂಬಿಕೊಂಡು ಸುಖವಾಗಿರುತ್ತಾರೆ. ಇರುವವರಿಗೆ ಇಬ್ಬರು ಸಾಕ್ಷಿಗಳು. ಇಬ್ಬರೂ ಒಂದೇ ಮನೆಯವರು, ಇಬ್ಬರೂ ತಮಗೆ ಬೇಕಾದಷ್ಟನ್ನೇ ಹೇಳುವವರು.

ಈ ಯೋಚನೆಗೆಲ್ಲ ಕಾರಣ ಒಂದು ಛಾಯಾಚಿತ್ರ. ಚನ್ನರಾಯಪಟ್ಟಣದಲ್ಲಿ ನಾನು ಪಾಠ ಹೇಳುವ ಶಾಲೆಗೆ ಇಂಗ್ಲಿಷ್ ಪತ್ರಿಕೆ ಮಧ್ಯಾಹ್ನದ ಬಸ್ಸಿನಲ್ಲಿ ಬರುತ್ತದೆ. ರಾಜಕೀಯದ ಪುಟಗಳು ಗಂಡಸರ ಕೈಗೆ ಹೋಗುವುದರಿಂದ ನನ್ನ ಪಾಲಿಗೆ ಬರುವುದು ಕಡೆಯ ಪುಟ, ಅಂದರೆ ಆಟದ ಪುಟ. ಹೀಗಾಗಿ ಯಾವ ಆಟವನ್ನೂ ಆಡದ ನಾನು ಎಲ್ಲ ಆಟಗಳ ವಿಷಯದಲ್ಲೂ ಅಲ್ಪಜ್ಞಾನಿಯಾಗಿದ್ದೇನೆ. ವಿದೇಶದ ಒಂದು ಫುಟ್‌ಬಾಲ್ ಕ್ಲಬ್ಬು ಇನ್ನೊಂದರಿಂದ ಆಟಗಾರನೊಬ್ಬನನ್ನು ಕೊಂಡ ಸುದ್ದಿಯ ಜೊತೆ ಆ ಚಿತ್ರ ಅಚ್ಚಾಗಿತ್ತು. ಅದರಲ್ಲಿ ಮೂವರು. ಆಟಗಾರ ಗಂಭೀರವಾಗಿದ್ದ, ಕ್ಲಬ್ಬಿನ ಯಜಮಾನ ದಣಿದಿದ್ದ, ಇಬ್ಬರ ನಡುವೆ ನಿಂತ ಮೂರನೆಯವನೊಬ್ಬ ಮಾತ್ರ ಬೀಗರ ಊಟ ಮುಗಿಸಿ ಎದ್ದವನಂತೆ ಬಾಯ್ತುಂಬ ನಗುತ್ತಿದ್ದ. ಚಿತ್ರದ ಕೆಳಗೆ ಇಬ್ಬರ ಹೆಸರಿತ್ತು, ಅವನದಿರಲಿಲ್ಲ. ಅವನು ಏಜೆಂಟ್ ಎಂದು ಗಣಿತದ ಮೇಷ್ಟರು ವಿವರಿಸಿದರು.

ನಮ್ಮ ಕನ್ನಡ ಪಂಡಿತರಿಗೆ ಇದು ಅರ್ಥವಾಗಲಿಲ್ಲ. ಅವರು ಬಲ್ಲ ಏಜೆಂಟು ಬಸ್ ನಿಲ್ದಾಣದವನು: ಛಾವಣಿಯವರೆಗೂ ಜನ ತುಂಬಿದ ಬಸ್ಸಿನ ಬಾಗಿಲಲ್ಲಿ ನಿಂತು, ಒಳಗೆ ಜಾಗ ಖಾಲಿ ಬಿದ್ದಿದೆಯೆಂದು ಪ್ರಮಾಣ ಮಾಡುವವನು. ಒಬ್ಬ ಮನುಷ್ಯನ ಕಾಲನ್ನು ಇನ್ನೊಬ್ಬನಿಗೆ ಕೊಡಿಸಲು ಮೂರನೆಯವನೊಬ್ಬ ಏಕೆ ಬೇಕು ಎಂದು ಪಂಡಿತರು ಕೇಳಿದರು. ನನ್ನ ಸೋದರಮಾವ ಈ ಕೆಲಸವನ್ನು ಹೊಳೆನರಸೀಪುರದಲ್ಲಿ ಮಾಡುತ್ತಿದ್ದರು ಎಂದು ನಾನು ಹೇಳಿದೆ. ಯಾರೂ ನಂಬಲಿಲ್ಲ. ನಿಮಗಾದರೂ ಹೇಳುತ್ತೇನೆ.

ಮಾವ ಹೊಳೆನರಸೀಪುರದ ಒಂದು ಶಾಲೆಯಲ್ಲಿ ಡ್ರಿಲ್ ಮಾಸ್ತರು. ಆದರೆ ಸುತ್ತಿನ ಮೂರು ತಾಲ್ಲೂಕಿನಲ್ಲಿ ಅವರ ಖ್ಯಾತಿ ಬೇರೆಯದೇ ಆಗಿತ್ತು: ಅವರು ಮದುವೆ ಕುದುರಿಸುವವರು. ಅರಕಲಗೂಡಿನ ಹೆಣ್ಣನ್ನು ನುಗ್ಗೇಹಳ್ಳಿಯ ಗಂಡಿಗೆ ಒಪ್ಪಿಸುವಾಗ ಅವರು ಪಾಲಿಸುತ್ತಿದ್ದ ಕಟ್ಟಳೆಯೊಂದಿತ್ತು. ಮಾತು ಪೂರ್ತಿ ಮುಗಿದು ವೀಳ್ಯ ಬದಲಾಗುವವರೆಗೆ ಎರಡೂ ಮನೆಗಳಲ್ಲಿ ಒಂದು ಗುಟುಕು ನೀರಿನಿಂದಲೂ ಬಾಯಿ ನೆನೆಸುತ್ತಿರಲಿಲ್ಲ. ಯಾರ ಮನೆಯಲ್ಲಿ ಎಲೆ ಹಾಕಿಸಿಕೊಂಡೆನೋ ನಾನು ಅವರ ಕಡೆಯವನಾಗಿಬಿಡುತ್ತೇನೆ, ಆಮೇಲೆ ನನ್ನ ನಾಲಿಗೆ ನನ್ನದಲ್ಲ ಎನ್ನುತ್ತಿದ್ದರು. ಹಾಗಾಗಿ ಅತ್ತೆ ಅವರ ಪ್ರತಿ ಪ್ರಯಾಣಕ್ಕೂ ಬಟ್ಟೆಯಲ್ಲಿ ಅವಲಕ್ಕಿ ಕಟ್ಟಿಕೊಡುತ್ತಿದ್ದರು. ಹೆಣ್ಣಿನ ಮನೆಯವರು ಒಬ್ಬಟ್ಟು ತಟ್ಟುತ್ತಿದ್ದರೆ ಮಧ್ಯಸ್ಥರು ಊರಾಚೆಯ ಕಲ್ಲಿನ ಮೇಲೆ ಕೂತು ಒಣ ಅವಲಕ್ಕಿ ಅಗಿಯುತ್ತಿದ್ದರು. ಈ ನಿಯಮದಿಂದ ಅವರ ಮಾತಿಗೆ ಎಷ್ಟು ತೂಕ ಬಂದಿತ್ತೆಂದರೆ, ಎಷ್ಟೋ ಮದುವೆಗಳು ಜಾತಕ ಕೂಡದಿದ್ದರೂ ಮಾವನ ಉಪವಾಸದ ಬಲದಿಂದ ನಡೆದುಹೋದವು.

ಡ್ರಿಲ್ ಮಾಸ್ತರಿಕೆ, ಮದುವೆಯ ಮಾತು ಎರಡೂ ಸೇರಿ ಅವರಿಗೆ ಮೂರನೆಯ ಕಸುಬು ಅಂಟಿಕೊಂಡದ್ದು ಐವತ್ತರ ದಶಕದಲ್ಲಿ. ಆಗ ಕಾರ್ಖಾನೆಗಳು, ಗಿರಣಿಗಳು ತಮ್ಮ ಹೆಸರಿನಲ್ಲಿ ಫುಟ್‌ಬಾಲ್ ತಂಡ ಕಟ್ಟುತ್ತಿದ್ದವು. ಚೆನ್ನಾಗಿ ಆಡುವವನಿಗೆ ನೌಕರಿಯೇ ಸಂಭಾವನೆ. ಹಳ್ಳಿಯ ಆಟಗಾರನಿಗೆ ಕಾಲಿತ್ತು, ಕಾರ್ಖಾನೆಗೆ ಕೆಲಸವಿತ್ತು, ಇಬ್ಬರಿಗೂ ಪರಸ್ಪರ ಪರಿಚಯವಿರಲಿಲ್ಲ. ಮದುವೆಯಾಗದ ಗಂಡುಹೆಣ್ಣಿನ ನಡುವೆ ನಿಲ್ಲುತ್ತಿದ್ದ ಜಾಗದಲ್ಲೇ ಮಾವ ಇಲ್ಲಿಯೂ ನಿಂತರು. ಉಪವಾಸದ ಕಟ್ಟಳೆಯೂ ಮಾತನಾಡುವ ಪರಿಯೂ ಬದಲಾಗಲಿಲ್ಲ. ಗೋಲ್‌ಕೀಪರೊಬ್ಬನನ್ನು ಅವರು ಯಾರಿಗೋ ವರ್ಣಿಸುತ್ತಿದ್ದಾಗ, ಅತ್ತೆ ಒಳಗಿನಿಂದಲೇ ಹುಡುಗನ ಗೋತ್ರ ಕೇಳಿದ್ದರಂತೆ.

ಸಿದ್ಧ ಮಲ್ಲಿಪಟ್ಟಣದವನು, ಕೂಲಿಯವರ ಮಗ, ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸು. ಬರಿಗಾಲಿನಲ್ಲಿ ಆಡುತ್ತಿದ್ದ. ಹಾಸನದ ಆ ಪಂದ್ಯವನ್ನು, ಬೇಸಿಗೆ ಕಳೆಯಲು ಮಾವನ ಮನೆಗೆ ಬಂದಿದ್ದ ನಾನೂ ಅತ್ತೆಯೂ ಮೈದಾನದ ಅಂಚಿನಲ್ಲಿ ನಿಲ್ಲಿಸಿದ್ದ ಗಾಡಿಯಲ್ಲಿ ಕೂತು ನೋಡಿದೆವು. ನನಗೆ ಆಟದ ನಿಯಮ ಆಗಲೂ ತಿಳಿದಿರಲಿಲ್ಲ, ಈಗಲೂ ತಿಳಿಯದು. ಆದರೆ ಎಡಗಡೆಯ ಗೆರೆಯಗುಂಟ ಆ ಸಪೂರ ಮನುಷ್ಯ ಚೆಂಡಿನೊಡನೆ ಬರುವಾಗ ಎದುರಿನವರು ತಾವೇ ದಾರಿ ಬಿಟ್ಟಂತೆ ಕಾಣುತ್ತಿತ್ತು. ಚೆಂಡಿಗೂ ಅವನ ಪಾದಕ್ಕೂ ಏನೋ ಒಳಒಪ್ಪಂದವಿದ್ದಂತಿತ್ತು. ಈ ವಾಕ್ಯ ನನ್ನ ದಿನಚರಿಯಲ್ಲಿದೆ. ಹದಿನೆಂಟರ ಹುಡುಗಿ ಉಪಮೆಗಳನ್ನು ಬಿಡುವುದಿಲ್ಲ.

ಮರುವಾರವೇ ಎರಡು ಕರೆ ಬಂದವು. ಒಂದು ಬೆಂಗಳೂರಿನ ಬಟ್ಟೆ ಗಿರಣಿಯದು. ಅಲ್ಲಿಂದ ಒಬ್ಬರು ಬಸ್ಸಿನಲ್ಲಿ ಬಂದು, ನೇಯ್ಗೆ ವಿಭಾಗದಲ್ಲಿ ಕೆಲಸ, ಕಾಲಿಗೆ ಬೂಟು, ದೊಡ್ಡ ಲೀಗಿನಲ್ಲಿ ಆಟ ಎಂದು ಹೇಳಿಹೋದರು. ಇನ್ನೊಂದು ಹಾಸನದಲ್ಲೇ ಕಾಫಿ ಬೀಜ ಹದಮಾಡುವ ಕಾರ್ಖಾನೆಯೊಂದರ ಯಜಮಾನರದು. ಅವರ ತಂಡ ಜಿಲ್ಲೆ ದಾಟಿ ಆಡುತ್ತಿದ್ದುದು ಅಪರೂಪ. ಮಾವ ಇಬ್ಬರಿಗೂ ಒಂದೇ ಪ್ರಶ್ನೆ ಹಾಕಿದರು: ಆಟದಲ್ಲಿ ಕಾಲು ಮುರಿದರೆ ಕೆಲಸ ಉಳಿಯುತ್ತದೆಯೇ? ಗಿರಣಿಯವರು ಅದೆಲ್ಲ ದೇವರ ಇಚ್ಛೆ ಎಂದರು. ಹಾಸನದ ಯಜಮಾನರು ಬರೆದುಕೊಡಲು ಸಿದ್ಧರಾದರು. ಆ ಕಾಲದಲ್ಲಿ ಈ ಪ್ರಶ್ನೆ ಕೇಳಿದವರು ಬೇರೆ ಯಾರಾದರೂ ಇದ್ದರೋ ಇಲ್ಲವೋ, ನನಗೆ ಇಂದಿಗೂ ಅದರ ಬಗ್ಗೆ ಹೆಮ್ಮೆಯಿದೆ.

ಸಿದ್ಧನ ಮನಸ್ಸು ಬೆಂಗಳೂರಿನ ಕಡೆಗಿತ್ತು. ಜಗಲಿಯ ಕೆಳಗೆ ನಿಂತು ಅವನು ನೆಲ ನೋಡುತ್ತ ಹೇಳಿದ ಮಾತು ನನಗೆ ಒಳಕ್ಕೆ ಕೇಳಿಸಿತ್ತು.

“ಒಂದ್ಸಲ ದೊಡ್ಡೋರ್ ಎದ್ರುಗೆ ಆಡ್ಬೇಕು ಅಂತ ಆಸೆ ಸಾ. ಸೋತ್ರೂ ಸೈ.”

“ಆಟ ಅತ್ತು ವರ್ಸ ಕಣ್ಲಾ, ಒಟ್ಟೆ ಐವತ್ತು ವರ್ಸ,” ಎಂದರು ಮಾವ. “ಎರಡ್ರಲ್ಲಿ ಯಾವುದ್ಕೆ ಮಾತಾಡ್ಲಿ ಏಳು.”

ಹತ್ತು ದಿನಗಳ ಮೇಲೆ ಸಿದ್ಧ ಹಾಸನದ ಕಾಗದಕ್ಕೆ ರುಜು ಹಾಕಿದ.

ಅದೇ ಬೇಸಿಗೆಯಲ್ಲಿ ನನ್ನ ಬದುಕಿನ ಮಾತುಕತೆಯೂ ನಡೆಯುತ್ತಿತ್ತು. ನಾನು ಇಂಟರ್‌ಮೀಡಿಯೆಟ್ ಮುಗಿಸಿದ್ದೆ. ಮೈಸೂರಿಗೆ ಹೋಗಿ ಬಿ.ಎ. ಓದಬೇಕೆಂಬುದು ನನ್ನ ಹಟ. ಹೆಣ್ಣುಮಕ್ಕಳ ವಿದ್ಯಾರ್ಥಿನಿಲಯದಲ್ಲಿ ಜಾಗ ಸಿಕ್ಕಿದರೆ ಮಾತ್ರ, ಇಲ್ಲವಾದರೆ ಮದುವೆ ಎಂಬುದು ಅಪ್ಪನ ತೀರ್ಮಾನ. ನಮ್ಮದು ತಲೆಮಾರುಗಳಿಂದ ಹೊಲಗದ್ದೆ ನೋಡಿಕೊಂಡ ಮನೆ; ಮೈಸೂರಿನಲ್ಲಿ ನಮಗೆ ಗೊತ್ತಿದ್ದವರೆಂದರೆ ದಸರಾದ ಆನೆಗಳು ಮಾತ್ರ. ಜಾಗ ಸಿಕ್ಕಿತು. ಎಲ್ಲಿಂದ ಸಿಕ್ಕಿತು ಎಂದು ನಾನು ಕೇಳಲಿಲ್ಲ. ಬಯಸಿದ್ದು ಕೈಗೆ ಬಂದಾಗ ಅದರ ಬೆನ್ನನ್ನು ತಿರುಗಿಸಿ ನೋಡುವ ಅಭ್ಯಾಸ ನನಗೆ ವಿಶ್ವವಿದ್ಯಾನಿಲಯದಲ್ಲೂ ಬರಲಿಲ್ಲ.

ಈಗ ಹತ್ತು ವರ್ಷ ದಾಟಿದ ಮೇಲೆ ಈ ಛಾಯಾಚಿತ್ರ. ಅದನ್ನು ನೋಡಿದ ವಾರವೇ ಹಾಸನಕ್ಕೆ ಹೋದಾಗ ಕಾರ್ಖಾನೆಯ ಗೇಟಿನ ಬಳಿ ಸಿದ್ಧ ಸಿಕ್ಕಿದ್ದು ಕಾಕತಾಳೀಯವೆಂದು ಹೇಳಿದರೆ ಅರ್ಧ ಸುಳ್ಳು. ನಾನೇ ಆ ರಸ್ತೆಯಲ್ಲಿ ಎರಡು ಸಲ ಸುಳಿದಾಡಿದ್ದೆ. ಸ್ವಲ್ಪ ಕುಂಟುತ್ತ ಬಂದ. ನಾಲ್ಕನೆಯ ವರ್ಷದಲ್ಲಿ ಮಂಡಿಗೆ ಪೆಟ್ಟಾಗಿ ಆಟ ನಿಂತಿತೆಂದೂ ಕೆಲಸ ನಿಲ್ಲಲಿಲ್ಲವೆಂದೂ, ಈಗ ಉಗ್ರಾಣ ತನ್ನ ವಶದಲ್ಲಿದೆಯೆಂದೂ ಹೇಳಿದ. ಮಾವನ ಪ್ರಶ್ನೆ ಅವನ ಮನೆಯ ಒಲೆ ಉರಿಸುತ್ತಿತ್ತು. ಮಾವನನ್ನು ನೆನೆದು ಕೈಮುಗಿದ. ನನಗೆ ಹಗುರವೆನಿಸಿ, ಬೆಂಗಳೂರಿಗೆ ಹೋಗಲಿಲ್ಲವೆಂಬ ಬೇಸರ ಉಂಟೇ ಎಂದು ಧಾರಾಳವಾಗಿ ಕೇಳಿಬಿಟ್ಟೆ. ಧಾರಾಳದ ಪ್ರಶ್ನೆಗಳನ್ನು ಮನುಷ್ಯ ಕೇಳುವುದು ಉತ್ತರ ತನಗೆ ಅನುಕೂಲವಾಗಿರುತ್ತದೆಂಬ ಭರವಸೆಯಿಂದ.

ಸಿದ್ಧ ಸುತ್ತ ನೋಡಿ ದನಿ ತಗ್ಗಿಸಿದ.

“ಬೇಜಾರು ಅಂತಲ್ಲ ಕಣವ್ವ. ಮೈಸೂರ್ನಾಗೆ ಒಂದ್ಸಲ ಆ ಗಿರಣಿಯೋರು ಸಿಕ್ಕಿದ್ರು. ಕಾಲು ಮುರುದ್ರೂ ಕೆಲ್ಸ ಕೊಡ್ತೀವಿ ಅಂತ ಆಮ್ಯಾಕೆ ಕಾಗ್ದ ಬರ್ದಿದ್ರಂತೆ, ಮೇಷ್ಟ್ರಿಗೆ. ನಾ ರುಜು ಆಕೋಕೆ ಮುಂಚೆ. ಮೇಷ್ಟ್ರು ನಂಗೇಳ್ಲಿಲ್ಲ. ಮರ್ತಿರ್ಬೇಕು.” ಸೊಂಟದಲ್ಲಿದ್ದ ಉಗ್ರಾಣದ ಬೀಗದಕೈಯನ್ನು ಸರಿಯಾಗಿ ಸಿಕ್ಕಿಸಿಕೊಳ್ಳುತ್ತ, “ಮರ್ತೇ ಇರ್ತಾರೆ ಬುಡಿ. ಅವ್ರು ಬಾಯಿ ನೆನೆಸ್ದೋರಲ್ಲ,” ಎಂದ.

ಆ ಕೊನೆಯ ಮಾತನ್ನು ಅವನು ನನಗಾಗಿ ಹೇಳಿದನೋ ತನಗಾಗಿಯೋ ತಿಳಿಯಲಿಲ್ಲ. ಚನ್ನರಾಯಪಟ್ಟಣಕ್ಕೆ ಮರಳುವ ಬಸ್ಸಿನಲ್ಲಿ ನಾನು ಮಾವನ ಪರವಾಗಿ ವಾದ ಕಟ್ಟುತ್ತ ಬಂದೆ. ಕಾಗದ ತಲುಪದೆ ಇರಬಹುದು. ಗಿರಣಿಯವರೇ ಸುಳ್ಳು ಹೇಳಿರಬಹುದು. ತಲುಪಿದ್ದರೂ, ಮಂಡಿ ಮುರಿದವನನ್ನು ಬೆಂಗಳೂರು ಇಟ್ಟುಕೊಳ್ಳುತ್ತಿತ್ತೆಂದು ಯಾರು ಹೇಳಬಲ್ಲರು? ಮದುವೆಯ ಮಾತಿನಲ್ಲಿ ಮಧ್ಯಸ್ಥ ಏನನ್ನಾದರೂ ಮುಚ್ಚಿಟ್ಟರೆ ನೆರೆಯ ಮುದುಕಿಯಾದರೂ ಬಾಯಿ ಬಿಡುತ್ತಾಳೆ. ಆಟಗಾರನಿಗೆ ಅಂಥ ನೆರೆಹೊರೆಯಿಲ್ಲ. ಅವನ ಕಿವಿಗೆ ತಲುಪುವುದು ನಡುವೆ ನಿಂತವನು ತಲುಪಿಸಿದಷ್ಟೇ. ಇಷ್ಟು ಹೊತ್ತಿಗೆ ನನ್ನ ವಾದವೇ ಮಗ್ಗುಲು ಬದಲಿಸಿತ್ತು. ಮಾವನ ಬುದ್ಧಿಮಾತು ಒಳ್ಳೆಯದಾಗಿತ್ತು ಎಂಬುದನ್ನು ಕಾಲ ತೋರಿಸಿಕೊಟ್ಟಿದೆ. ಆದರೆ ಅದನ್ನು ಆರಿಸಿಕೊಳ್ಳುವ ಹಕ್ಕು ಸಿದ್ಧನದಾಗಿತ್ತು, ಸೋತರೂ ಸೈ ಎಂದವನು ಅವನು.

ಮನೆಗೆ ಬಂದು ಹಳೆಯ ನೋಟುಪುಸ್ತಕ ತೆಗೆದೆ. ಹುಡುಕಿದ್ದು ಬೆಂಗಳೂರಿನ ಕಾಗದವನ್ನು. ಅದರ ಸುಳಿವಿಲ್ಲ. ಹದಿನೆಂಟರ ಹುಡುಗಿಗೆ ತನ್ನ ಹೊರತು ಬೇರೆ ಯಾರ ಅಂಚೆಯಲ್ಲೂ ಆಸಕ್ತಿಯಿರಲಿಲ್ಲ. ಬದಲಾಗಿ, ಸಿದ್ಧ ರುಜು ಹಾಕುವುದಕ್ಕೆ ನಾಲ್ಕು ದಿನ ಮೊದಲಿನ ಪುಟದಲ್ಲಿ ಇದು ಸಿಕ್ಕಿತು. ಇದ್ದಂತೆಯೇ ಬರೆಯುತ್ತೇನೆ:

“ಮಾವನ ಜೊತೆ ಹಾಸನಕ್ಕೆ ಹೋಗಿದ್ದೆ. ಕಾರ್ಖಾನೆಯ ಯಜಮಾನರ ಮನೆ ಅರಮನೆಯ ಹಾಗಿದೆ. ಅವರು ಮೈಸೂರಿನ ಹಾಸ್ಟೆಲಿನ ಸಮಿತಿಯಲ್ಲಿದ್ದಾರಂತೆ. ನನ್ನ ಅಂಕಗಳನ್ನು ಕೇಳಿದರು. ಮಾವ ಏನೂ ಮುಟ್ಟಲಿಲ್ಲ, ನೀರು ಕೂಡ. ನಾನು ಉಪ್ಪಿಟ್ಟು ಎರಡು ಸಲ ಹಾಕಿಸಿಕೊಂಡೆ. ಗೋಡಂಬಿ ಹಾಕಿದ್ದರು.”

ಮಾವ ನೀರನ್ನೂ ಮುಟ್ಟಲಿಲ್ಲವೆಂಬುದು ನನಗೆ ಚೆನ್ನಾಗಿ ನೆನಪಿತ್ತು. ಅದನ್ನು ಎಷ್ಟೋ ಜನರಿಗೆ ದೃಷ್ಟಾಂತವಾಗಿ ಹೇಳಿದ್ದೇನೆ, ತರಗತಿಯಲ್ಲೂ ಹೇಳಿದ್ದೇನೆ. ಉಪ್ಪಿಟ್ಟು ಮಾತ್ರ ನೆನಪಿನಿಂದ ಪೂರ್ತಿ ಇಳಿದುಹೋಗಿತ್ತು. ಸಿದ್ಧನೂ ಆ ದಿನ ನಮ್ಮೊಡನೆ ಬಂದಿದ್ದ, ಕಾಂಪೌಂಡಿನ ಹೊರಗೆ ನಿಂತಿದ್ದ ಎಂದು ಈಗ ಅನ್ನಿಸುತ್ತಿದೆ. ಅವನಿಗೆ ಯಾರಾದರೂ ಏನಾದರೂ ಕೊಟ್ಟರೋ ಇಲ್ಲವೋ ದಿನಚರಿ ಹೇಳುವುದಿಲ್ಲ. ಅವನು ನಿಂತಿದ್ದುದನ್ನು ನಿಜವಾಗಿ ಕಂಡಿದ್ದೆನೋ, ಈಗ ತಪ್ಪಿನ ಅರಿವು ಮೂಡಿದ ಮೇಲೆ ಅವನನ್ನು ಅಲ್ಲಿ ತಂದು ನಿಲ್ಲಿಸುತ್ತಿದ್ದೇನೋ, ಆಣೆ ಮಾಡಿ ಹೇಳಲಾರೆ.

ಮಾವ ತಮ್ಮ ಬಾಯಿಯ ಮಟ್ಟಿಗೆ ನಿಯಮ ಮುರಿಯಲಿಲ್ಲ. ಹಾಸ್ಟೆಲಿನ ಜಾಗಕ್ಕೂ ಮುಚ್ಚಿಟ್ಟ ಕಾಗದಕ್ಕೂ ಸಂಬಂಧವಿತ್ತೆಂಬುದಕ್ಕೆ ನನ್ನ ಬಳಿ ಪುರಾವೆಯಿಲ್ಲ. ಇರುವುದು ಒಂದು ತಟ್ಟೆ ಉಪ್ಪಿಟ್ಟು, ಅದರ ಬಲದಿಂದ ದಕ್ಕಿದ್ದಿರಬಹುದಾದ ಒಂದು ಬಿ.ಎ., ಆ ಬಿ.ಎ.ಯ ಬಲದಿಂದ ಸಿಕ್ಕ ಈ ಶಾಲೆಯ ಕೆಲಸ, ಈ ಕೋಣೆ, ಈ ಲೇಖನಿ. ಪತ್ರಿಕೆಯ ಚಿತ್ರದಲ್ಲಿ ಮೂವರಿದ್ದರು. ನಮ್ಮೂರಿನ ಚಿತ್ರ ತೆಗೆದಿದ್ದರೆ ಅದರಲ್ಲಿ ನಾಲ್ವರಿರುತ್ತಿದ್ದರು, ನಾಲ್ಕನೆಯವಳ ಬಾಯಿ ತುಂಬಿರುತ್ತಿತ್ತು.

ಮುಂದಿನ ಭಾನುವಾರ ಹೊಳೆನರಸೀಪುರಕ್ಕೆ ಹೋದೆ. ಮಾವ ನಿವೃತ್ತರಾಗಿದ್ದರೂ ಮದುವೆ ಮಾತು ಬಿಟ್ಟಿಲ್ಲ. ಎರಡು ಜಾತಕಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು. ಸಿದ್ಧ ಸಿಕ್ಕಿದ್ದನೆಂದೆ, ಖುಷಿಪಟ್ಟರು. ಬೆಂಗಳೂರಿನ ಕಾಗದದ ಮಾತೆತ್ತಿದೆ. ಎಷ್ಟೋ ಕಾಗದ ಬರುತ್ತಿದ್ದವು ಮಗಾ ಎಂದರು. ದಿನಚರಿಯ ಪುಟವನ್ನು ಓದಿ ಹೇಳಿದೆ. ಅವರು ಕನ್ನಡಕ ತೆಗೆದು ಪಂಚೆಯ ತುದಿಯಿಂದ ಒರೆಸತೊಡಗಿದರು. ಅತ್ತೆ ಬಂದು ಊಟಕ್ಕೆ ಕರೆದರೂ ಒರೆಸುತ್ತಲೇ ಇದ್ದರು. ಅಂದಿನಿಂದ ಅವರಿಂದ ಮೂರು ಕಾಗದಗಳು ಬಂದಿವೆ. ಮಳೆ, ಅತ್ತೆಯ ಕೆಮ್ಮು, ನನಗೆ ನೋಡಿರುವ ಒಂದು ಗಂಡು, ಎಲ್ಲದರ ಸುದ್ದಿಯೂ ಇದೆ. ನಾನು ಆ ದಿನ ಕೇಳಿದ್ದಕ್ಕೆ ಮಾತ್ರ ಉತ್ತರವಿಲ್ಲ. ಕೇಳಿದ್ದು ಇಷ್ಟೇ:

“ಮಾವ, ಮಾತು ಮುಗಿಯೋವರ್ಗೂ ಬಾಯಿ ನೆನೆಸ್ಬಾರ್ದು ಅಂತಿದ್ರಲ್ಲ, ಅದ್ರಲ್ಲಿ ನನ್ ಬಾಯೂ ಸೇರಿತ್ತಾ?”