ತೋಟ ದಾಟಿ ಬಂದ ನೀರು

ಚೆನ್ನೈನ ಮೈಲಾಪೂರಿನ ಒಂದು ಬೀದಿಯಂಚಿಗೆ ನಮ್ಮ ಕಚೇರಿ ಮಳೆತೋಟ ಕಟ್ಟಿತ್ತು. ರಸ್ತೆಯ ಮಳೆನೀರು ಅದರ ಮಣ್ಣಿನಲ್ಲಿ ಇಳಿದು, ಸೋಸಿ, ಅಡಿಯ ಕೊಳವೆಯಿಂದ ಕಾಲುವೆಗೆ ಸೇರಬೇಕು. ಕಾಲುವೆಯಲ್ಲಿ ಪಾಚಿ ಬೆಳೆಸುವ ರಂಜಕ ಮಣ್ಣಿನಲ್ಲೇ ಉಳಿಯಬೇಕು. ಒಳಗೆ ಹೋಗುವ ನೀರನ್ನೂ ಹೊರಗೆ ಬರುವ ನೀರನ್ನೂ ಬಾಟಲಿಯಲ್ಲಿ ಹಿಡಿದು ಲ್ಯಾಬಿಗೆ ಕಳಿಸುವುದು ನನ್ನ ಕೆಲಸ.

ಮೊದಲ ಎರಡು ಮಳೆಗಳ ವರದಿಯನ್ನು ಎರಡೆರಡು ಸಲ ಓದಿದೆ. ಹೊರಗೆ ಬಂದ ನೀರಿನಲ್ಲೇ ರಂಜಕ ಹೆಚ್ಚಿತ್ತು. ಬಾಟಲಿ ಅದಲುಬದಲಾಗಿರಬೇಕೆಂದು ಉಳಿದ ನೀರನ್ನು ಮತ್ತೆ ಕಳಿಸಿದೆ. ಅದೇ ಉತ್ತರ. ನಮ್ಮ ತೋಟವೇ ಕಾಲುವೆಯನ್ನು ಕೆಡಿಸುತ್ತಿತ್ತು.

ಇಂಥ ತೋಟ ಕಟ್ಟಿದ ಹಲವು ಊರುಗಳವರು ಸೇರಿ ಆನ್‌ಲೈನಿನಲ್ಲಿ ಒಂದು ಪಟ್ಟಿ ಇಟ್ಟಿದ್ದರು. ಪ್ರತಿ ಮಳೆಯ ಅಂಕಿಯನ್ನೂ ಅದರಲ್ಲಿ ತುಂಬಬೇಕು. ಎಲ್ಲರದನ್ನೂ ಎಲ್ಲರೂ ನೋಡಬಹುದು. ನನ್ನ ಮೇಲಧಿಕಾರಿ ಮೂರು ತಲೆಮಾರಿನಿಂದ ಮದರಾಸಿನಲ್ಲಿರುವ ಕನ್ನಡದವರು, ಮಾತಿನಲ್ಲಿ ತಮಿಳು ಬೆರೆತವರು. ವರದಿ ಓದಿ ಕನ್ನಡಕ ತೆಗೆದಿಟ್ಟರು.

"ಈ ಎರಡು ಮಳೆ ವಿಟ್ಟುಬಿಡಮ್ಮ. ಮುಂದಿನದು ನೋಡಿಕೊಳ್ಳೋಣ."

"ತುಂಬದಿದ್ರೆ ಕೇಳ್ತಾರೆ, ಸಾರ್."

"ತುಂಬಿದ್ರೆ ನಿನ್ನನ್ನೇ ಕೇಳ್ತಾರೆ. ಸ್ಯಾಂಪಲ್ ಎಡುತ್ತಿದ್ದು ನೀನು ತಾನೆ?"

ನನ್ನದು ವರ್ಷಕ್ಕೊಮ್ಮೆ ಹೊಸದಾಗುವ ಒಪ್ಪಂದದ ಕೆಲಸ. ನಾಲ್ಕು ದಿನ ಪಟ್ಟಿಯ ಕಡೆ ಹೋಗಲೇ ಇಲ್ಲ. ಐದನೆಯ ದಿನ ಪಟ್ಟಿ ತೆರೆದಾಗ ಒಂದು ಊರಿನವರು ಬರೆದಿದ್ದರು: ಚೆನ್ನೈನವರ ಮಣ್ಣಿನ ಮಿಶ್ರಣವನ್ನೇ ನಾವೂ ಬಳಸುತ್ತೇವೆ, ಮುಂದಿನ ವಾರ ಕೆಲಸ ಶುರು. ಅವರ ಕಾಲುವೆಯೂ ಕೆಡುತ್ತದೆಂದು ಆಗ ಹುಟ್ಟಿದ ಭಯದ ಮುಂದೆ ಮೊದಲಿನದು ಏನೂ ಅಲ್ಲ. ಎರಡೂ ಮಳೆಗಳ ಅಂಕಿಗಳನ್ನು ತುಂಬಿಬಿಟ್ಟೆ.

ಮರುದಿನ ಗುರುತಿಲ್ಲದ ನಂಬರಿನಿಂದ ಫೋನ್ ಬಂತು. ಬೈಯಲೆಂದೇ ಯಾರೋ ಮಾಡಿದ್ದಾರೆಂದು ಎರಡು ಸಲ ಎತ್ತಲಿಲ್ಲ. ಮೂರನೆಯ ಸಲ ಎತ್ತಿದರೆ, ಕಡಲತೀರದ ಇನ್ನೊಂದು ಊರಿನ, ನನ್ನಂಥದೇ ಕೆಲಸದ ಹೆಂಗಸು. ಮಣ್ಣಿಗೆ ಗೊಬ್ಬರ ಎಷ್ಟು ಬೆರೆಸಿದ್ದೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದರು. ಗಿಡ ಬೇಗ ಹಬ್ಬಲೆಂದು ಧಾರಾಳವಾಗಿ ಬೆರೆಸಿದ್ದೆವು.

"ಅದೇ ಕರಗಿ ಬರುತ್ತಿದೆ. ನಮ್ಮಲ್ಲೂ ಹೀಗೇ ಆಗಿತ್ತು," ಎಂದರು. "ನಾನು ಹೆದರಿ ಅದನ್ನು ಪಟ್ಟಿಗೆ ಹಾಕಿರಲಿಲ್ಲ."

ನಮ್ಮ ಮಿಶ್ರಣ ಬಳಸಲಿದ್ದ ಊರಿನವರು ಕೆಲಸ ನಿಲ್ಲಿಸಿದರು. ಮೇಲಧಿಕಾರಿ ಎರಡು ವಾರ ನನ್ನೊಡನೆ ಮಾತಾಡಲಿಲ್ಲ. ಆಮೇಲೆ ಅವರೇ ನಿಂತು ಮಣ್ಣು ತೆಗೆಸಿ, ಗೊಬ್ಬರ ಕಡಿಮೆ ಮಾಡಿ ಮರಳು ತುಂಬಿಸಿದರು. ಮುಂದಿನ ಮಳೆಯಲ್ಲಿ ಹೊರಬಂದ ನೀರಿನ ರಂಜಕ ಒಳಹೋದದ್ದಕ್ಕಿಂತ ಕಡಿಮೆಯಿತ್ತು.

"ಇದನ್ನೂ ತುಂಬಿಬಿಡು," ಎಂದರು ಅವರು, ನನ್ನ ಮುಖ ನೋಡದೆ.

ಒಪ್ಪಂದ ಮುಂದುವರಿಯಿತು. ಆದರೂ ಲ್ಯಾಬಿನ ವರದಿ ಬಂದ ದಿನ ತಕ್ಷಣ ತೆರೆಯಲಾರೆ. ಮೊದಲು ಮೇಜು ಒರೆಸುತ್ತೇನೆ.