ಸಕ್ಕರೆ ಇಲ್ಲದ ಚೀಲ

ನಮ್ಮ ಮನೆಯಲ್ಲಿ ದಿನದ ಮೊದಲ ಸುದ್ದಿ ಒಂದು ಅಂಕಿ. ಮಗಳು ನಿಧಿಯ ತೋಳಿಗೆ ಅಂಟಿಸಿದ ಸೆನ್ಸರ್ ಅವಳ ರಕ್ತದ ಸಕ್ಕರೆಯನ್ನು ನನ್ನ ಮೊಬೈಲಿಗೆ ವರದಿ ಮಾಡುತ್ತದೆ. ಪತ್ರಿಕೆಯ ಡೆಸ್ಕಿನಲ್ಲಿ ವರದಿ ತಿದ್ದುತ್ತ ಕೂದಲು ನರೆಸಿಕೊಂಡ ನನಗೆ ಇಷ್ಟು ನಿಯತ್ತಿನ ವರದಿಗಾರ ಸಿಕ್ಕಿದ್ದೇ ಇಲ್ಲ. ಅವಳ ದೇಹ ಇನ್ಸುಲಿನ್ ತಯಾರಿಸುವುದಿಲ್ಲ. ತಿನ್ನುವುದನ್ನೆಲ್ಲ ಅಂದಾಜು ಮಾಡಿ ಚುಚ್ಚಿಕೊಳ್ಳಬೇಕು.

ರಜೆಯಲ್ಲಿ ಅವಳನ್ನು ಅಮ್ಯೂಸ್‌ಮೆಂಟ್ ಪಾರ್ಕಿಗೆ ಕರೆದೊಯ್ದೆ. ಗುಬ್ಬಿಯಿಂದ ಬಂದಿದ್ದ ನನ್ನ ಅಮ್ಮನೂ ಜೊತೆಗೆ ಹೊರಟಳು. ನಾವಿರುವ ಉಪ್ಪಾರಹಳ್ಳಿ ಬಿಟ್ಟು ಕುಣಿಗಲ್ಲಿನಲ್ಲಿ ತಿಂಡಿಗೆ ನಿಂತಾಗಲೇ ಮೊದಲ ತಕರಾರು. ಯಾವ ತಿಂಡಿಗೆ ಎಷ್ಟು ಇನ್ಸುಲಿನ್ ಎಂದು ಡಾಕ್ಟರು ಬರೆದುಕೊಟ್ಟ ಹಾಳೆಯಲ್ಲಿ ಇಡ್ಲಿ ಇದೆ, ತಟ್ಟೆ ಇಡ್ಲಿ ಇಲ್ಲ. ಅದು ಎಷ್ಟು ಇಡ್ಲಿಗೆ ಸಮ? ನಾನು ಮೂರು ಎಂದೆ, ನಿಧಿ ಎರಡೂವರೆ ಎಂದಳು. ತಿನ್ನುವವಳ ಮಾತೇ ನಡೆಯಿತು.

ಪಾರ್ಕಿನಲ್ಲಿ ಮೊದಲ ರೈಡಿನಿಂದ ಇಳಿದಾಗ, ಮತ್ತೇನೂ ತಿನ್ನದೆಯೇ ಅಂಕಿ ಏರಿತ್ತು. ಹೆದರಿದ ದೇಹ, ಓಡಿ ಪಾರಾಗಲು ಬೇಕಾದೀತೆಂದು ತನ್ನ ಉಗ್ರಾಣದಿಂದ ಸಕ್ಕರೆ ಬಿಚ್ಚುತ್ತದಂತೆ. ಬೆಲ್ಟು ಬಿಗಿಸಿಕೊಂಡು ತಲೆಕೆಳಗಾದವಳು ಎಲ್ಲಿಗೆ ಓಡಿಯಾಳು ಎಂದು ಉಗ್ರಾಣ ಕಾಯುವ ಯಕೃತ್ತು ಯೋಚಿಸುವುದಿಲ್ಲ.

ಆಮೇಲೆ ನೀರಾಟ, ಓಡಾಟ, ಬಿಸಿಲು. ಉದ್ದ ಸಾಲಿನಲ್ಲಿ ನಿಂತಾಗ ಅದೇ ಅಂಕಿ ಜಾರತೊಡಗಿತು. ನಿಧಿಯ ತುಟಿ ಬಿಳಿಚಿತು, ಕೈ ನಡುಗಿತು. ಇಂಥ ಹೊತ್ತಿನಲ್ಲಿ ಸಕ್ಕರೆಯೇ ಮದ್ದು. ತಡವಾದರೆ ಪ್ರಜ್ಞೆ ತಪ್ಪಬಹುದು. ಜ್ಯೂಸಿಗೆಂದು ಚೀಲಕ್ಕೆ ಕೈ ಹಾಕಿದೆ. ಸಿಕ್ಕಿದ್ದು ಹಾಗಲಕಾಯಿ ಚಿಪ್ಸ್.

“ಅಮ್ಮಾ, ಜ್ಯೂಸು, ಗ್ಲೂಕೋಸು ಎಲ್ಲಿ?”

“ನಾನೇ ತೆಗೆದು ಮನೇಲಿಟ್ಟೆ. ಸಕ್ಕರೆ ಕಾಯಿಲೆ ಮಗೀನ ಚೀಲದಾಗೆ ಯಾರಾದ್ರೂ ಸಕ್ಕರೆ ತುಂಬ್ತಾರೇನ್ಲಾ?”

ಅಂಗಡಿಯತ್ತ ಓಡಲು ತಿರುಗಿದೆ. ನಿಧಿ ಅಜ್ಜಿಯ ಸೆರಗು ಹಿಡಿದಳು. “ಅಜ್ಜಿ, ಸೆರಗಿನ ಗಂಟಿನಲ್ಲಿ ಕಲ್ಲುಸಕ್ಕರೆ ಇದೆಯಲ್ಲ, ಕೊಡು.”

“ಅದು ಮಠದ ಪ್ರಸಾದ ಕಣೇ. ನಿಂಗೆ ಆಗ್ಬರಲ್ಲ.”

“ಈಗ ಅದೇ ಔಷಧಿ. ಕೊಡ್ದಿದ್ರೆ ಬಿದ್ದೋಗ್ತೀನಿ.”

ಅಮ್ಮನ ಕೈ ಗಂಟಿನ ಮೇಲೆ ನಿಂತಿತು. ಯಾವ ಮದುವೆಮನೆಯಲ್ಲೂ ಮೊಮ್ಮಗಳ ಎಲೆಗೆ ಸಿಹಿ ಬೀಳದಂತೆ ಕಾವಲು ಕಾದ ಕೈ ಅದು. ನನ್ನ ಮುಖ ನೋಡಿದಳು, ತಲೆಯಾಡಿಸಿದೆ. ಕಣ್ಣು ಮುಚ್ಚಿಕೊಂಡು, ವಿಷ ಉಣಿಸುವವಳಂತೆ ಮೊಮ್ಮಗಳ ಬಾಯಿಗೆ ಹಾಕಿದಳು.

“ಶುಗರ್ ಅಂತೀರಾ, ಸಕ್ಕರೆ ತಿನ್ನಿಸ್ತೀರಾ?” ಹಿಂದಿದ್ದ ಯಜಮಾನರೊಬ್ಬರು ಆಕ್ಷೇಪಿಸಿದರು.

“ಕಮ್ಮಿ ಆದಾಗ ತಿನ್ಬೇಕು ಅಂಕಲ್,” ಎಂದಳು ನಿಧಿ, ಕಟಕಟ ಕಡಿಯುತ್ತಾ.

ನೆರಳಿಗೆ ಬಂದು ಕೂತೆವು. ಸೆನ್ಸರ್ ತುಸು ತಡವಾಗಿ ತೋರಿಸುತ್ತದೆಂದು, ಸ್ವಲ್ಪ ಹೊತ್ತಿನ ಮೇಲೆ ಬೆರಳು ಚುಚ್ಚಿ ಮೀಟರಿನಲ್ಲಿ ನೋಡಿದಾಗ ಅಂಕಿ ಮೇಲೆದ್ದಿತ್ತು, ತುಟಿಗೆ ಬಣ್ಣ ಮರಳಿತ್ತು. ಅಮ್ಮ ಕನ್ನಡಕ ಸರಿಪಡಿಸಿಕೊಂಡು ಮೀಟರನ್ನೂ ಮಗುವನ್ನೂ ಬಹಳ ಹೊತ್ತು ಹೋಲಿಸಿ ನೋಡಿದಳು. ಅಲ್ಲಿಂದಾಚೆಗೆ “ಈಗೆಷ್ಟೈತೆ?” ಎಂದು ಕೊಬ್ಬರಿ ರೇಟು ವಿಚಾರಿಸುವ ದನಿಯಲ್ಲಿ ಕೇಳುತ್ತಲೇ ಇದ್ದಳು.

ವಾಪಸು ಬರುವಾಗ ದಾರಿಯಲ್ಲಿ ಟೀಗೆ ನಿಂತೆವು. ಅಮ್ಮ ಅಂಗಡಿಯವನ ಹತ್ತಿರ ಹೋಗಿ ಹೇಳಿದಳು, “ಒಂದು ಪೊಟ್ಟಣ ಸಕ್ಕರೆ ಕಟ್ಕೊಡಪ್ಪ. ನಮ್ಮ ಮಗೀಗೆ ಸಕ್ಕರೆ ಕಾಯಿಲೆ.”

ಅವನು ನನ್ನತ್ತ ನೋಡಿದ. ಅಮ್ಮನ ಮಾತಿನಲ್ಲಿ ತಿದ್ದುವಂಥದ್ದೇನೂ ಕಾಣಲಿಲ್ಲ, ಟೀ ಕುಡಿದೆ.