ಸಂಖ್ಯೆಯ ಹತ್ತಿರ ಹೂ ಕೇಳಿದ್ದು

ದೇವರ ತಲೆಯ ಮೇಲಿನ ಹೂ ಬಲಕ್ಕೆ ಬೀಳುತ್ತದೋ ಎಡಕ್ಕೋ ಎಂದು ಕಣ್ಣು ಮಿಟುಕಿಸದೆ ಕಾಯುವವರನ್ನು ಕಂಡು ನಾನು ನಗುತ್ತಿದ್ದೆ. ಹನೂರಿನಲ್ಲಿ ಗಣಿತ ಹೇಳಿಕೊಡುವ ಮೇಷ್ಟ್ರಿಗೆ ಅಷ್ಟು ಜಂಬವಾದರೂ ಇರಬೇಡವೆ? ಮೊನ್ನೆ ಕೊಳ್ಳೇಗಾಲದ ಒಂದು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ನಾನೂ ಹೂ ಕೇಳಿದೆ. ದೇವರನ್ನಲ್ಲ, ಒಂದು ಸಂಖ್ಯೆಯನ್ನು.

ಒಳಗೆ ನನ್ನ ಹೆಂಡತಿ ನಾಗಮಣಿಯ ಹೊಟ್ಟೆಯ ಗೆಡ್ಡೆ ತೆಗೆಯುತ್ತಿದ್ದರು. ರಕ್ತ ಕಡಿಮೆಯಿದೆ, ಏನಾಗುತ್ತದೆಂದು ಈಗಲೇ ಹೇಳಲಾರೆ ಎಂದಿದ್ದರು ಡಾಕ್ಟರು. ಬಾಗಿಲು ಮುಚ್ಚುವಾಗ ನನಗೆ ಕಂಡದ್ದು ಅವಳ ಮಣಿಕಟ್ಟಿಗೆ ಸುತ್ತಿದ ಪಟ್ಟಿ. ಅದರ ಮೇಲೆ 30031. ಇದು ಅವಿಭಾಜ್ಯವಾದರೆ ಇವಳಿಗೇನೂ ಆಗುವುದಿಲ್ಲ ಎಂದು ಮನಸ್ಸು ತಾನೇ ಹರಕೆ ಕಟ್ಟಿಕೊಂಡಿತು.

ಅವಿಭಾಜ್ಯವೆಂದರೆ ನಿಮಗೆ ನೆನಪಿರಬಹುದು: ಒಂದು ಮತ್ತು ತಾನು, ಈ ಎರಡನ್ನು ಬಿಟ್ಟರೆ ಯಾರಿಗೂ ಸರಿಯಾಗಿ ಪಾಲಾಗದ ಸಂಖ್ಯೆ. ಇಂಥವಕ್ಕೆ ಕೊನೆಯೇ ಇಲ್ಲ. ಕೋಟಿಗಟ್ಟಲೆ ಅಂಕಿಗಳಿರುವ ದೈತ್ಯರನ್ನು ಕಂಪ್ಯೂಟರಿನಲ್ಲಿ ಹಿಡಿದಿದ್ದಾರೆ; ಬರೆಯಲು ಕೂತರೆ ನಮ್ಮ ಶಾಲೆಯ ಕಾಗದವೆಲ್ಲ ಮುಗಿದೀತು. ಅವುಗಳ ಮುಂದೆ ನನ್ನದು ಮರಿ. ಆದರೆ ಆ ಹೊತ್ತಿನಲ್ಲಿ ಅದಕ್ಕಿಂತ ದೊಡ್ಡ ಸಂಖ್ಯೆ ನನ್ನ ಪಾಲಿಗೆ ಇರಲಿಲ್ಲ.

ಬೆಂಚಿನ ಮೇಲೆ ಬಿದ್ದಿದ್ದ ಪೇಪರಿನ ಅಂಚಿನಲ್ಲಿ ಭಾಗಿಸತೊಡಗಿದೆ. ಎರಡರಿಂದ ಹದಿಮೂರರವರೆಗಿನ ಯಾವ ಅವಿಭಾಜ್ಯದಿಂದ ಭಾಗಿಸಿದರೂ ಶೇಷ ಒಂದು. ಖುಷಿಯಾಯಿತು. ನೂರ ಎಪ್ಪತ್ತಮೂರನ್ನು ದಾಟಿದರೆ ಗೆದ್ದ ಹಾಗೆ, ವರ್ಗಮೂಲದಿಂದಾಚೆ ಹುಡುಕಬೇಕಿಲ್ಲ. ಹದಿನೇಳು, ಹತ್ತೊಂಬತ್ತು ದಾಟಿದವು. ನರ್ಸೊಬ್ಬಳು ರಕ್ತದ ಚೀಲ ಹಿಡಿದು ಒಳಗೋಡಿದಳು. ಲೆಕ್ಕ ತಪ್ಪಿ, ಇಪ್ಪತ್ತಮೂರನ್ನು ಮತ್ತೆ ಮೊದಲಿನಿಂದ ಮಾಡಬೇಕಾಯಿತು. ಐವತ್ತಮೂರೂ ದಾಟಿತು. ಐವತ್ತೊಂಬತ್ತು ಮಾತ್ರ ಚೊಕ್ಕವಾಗಿ ಕೂತುಬಿಟ್ಟಿತು: ಐನೂರ ಒಂಬತ್ತು ಸಲ, ಶೇಷ ಸೊನ್ನೆ.

ಇನ್ನೊಮ್ಮೆ ಮಾಡಿದೆ. ಮತ್ತೆ ಸೊನ್ನೆ.

ಅಷ್ಟರಲ್ಲಿ ಮಾಂಬಳ್ಳಿಯಿಂದ ನಾಗಮಣಿಯ ಅಕ್ಕ ಶಿವಮ್ಮ ಬಂದರು. ಊರ ಮಾರಮ್ಮನ ಹತ್ತಿರ ಹೂ ಕೇಳಿಕೊಂಡೇ ಬಸ್ಸು ಹತ್ತಿದ್ದರು.

"ಬಲಗಡೆ ಕೊಟ್ಲು ಕಣ್ರಿ ಮೇಷ್ಟ್ರೆ. ಮೊದ್ಲು ಎಡಕ್ಕೆ ಬಿತ್ತು. ನಾ ಬುಡ್ತೀನಾ? ಸರ್ಯಾಗಿ ನೋಡವ್ವ ಅಂತ ಇನ್ನೊಂದ್ ಸಲ ಕೇಳ್ದೆ."

ನನಗೆ ನಿಜಕ್ಕೂ ಹೊಟ್ಟೆಕಿಚ್ಚಾಯಿತು. ಅವರ ದೇವರಿಗೆ ಕಿವಿಯಿದೆ. ನನ್ನ ಸಂಖ್ಯೆ ನೂರು ಸಲ ಗೋಗರೆದರೂ ಐವತ್ತೊಂಬತ್ತನ್ನು ಬಿಟ್ಟುಕೊಡದು. ಗಣಿತದಲ್ಲಿ ಇಷ್ಟು ದಿನ ನಾನು ಮೆಚ್ಚಿಕೊಂಡಿದ್ದೇ ಆ ಹಟವನ್ನು. ನಾಚಿಕೆ ಬಿಟ್ಟು ಶಿವಮ್ಮನ ಕೈಲಿದ್ದ ಆ ಹೂವಿನ ಒಂದು ಎಸಳು ಇಸಿದುಕೊಂಡು ಜೇಬಿಗೆ ಹಾಕಿಕೊಂಡೆ.

ಕೊನೆಗೆ ಡಾಕ್ಟರು ಹೊರಬಂದು, "ಇನ್ನೇನೂ ಭಯವಿಲ್ಲ" ಎಂದರು. ನಾನು ಅತ್ತುಬಿಟ್ಟೆ.

ಮಾರನೆಯ ದಿನ ಗಂಜಿ ಕುಡಿಯುತ್ತಾ ನಾಗಮಣಿ ಎಲ್ಲವನ್ನೂ ಕೇಳಿಸಿಕೊಂಡಳು.

"ಅಲ್ಲ ಕಣ್ರಿ, ಐವತ್ಮೂರ್ ಗಂಟ ಎಲ್ಲಾ ಸರಿಯಾಗೇ ಇತ್ತಲ್ಲ? ಅಲ್ಗೇ ಪೆನ್ನು ಮುಚ್ಚಿ ನನ್ನ ಕಾಯ್ಕಂಡು ಕೂತ್ಕಬಾರ್ದಾಗಿತ್ತಾ?"

ಅರ್ಧಕ್ಕೆ ನಿಲ್ಲಿಸಿದ ಲೆಕ್ಕಕ್ಕೆ ನಾನು ಇಷ್ಟು ವರ್ಷ ಯಾರಿಗೂ ಅಂಕ ಕೊಟ್ಟವನಲ್ಲ. ಅವತ್ತು ಅವಳಿಗೆ ಪೂರ್ತಿ ಕೊಟ್ಟೆ.